ಅಳತೆಗೆ ಮುಂಚೆ ಅವರನ್ನು ಕೂರಿಸಿ

ಓದುಗರ ಪತ್ರ: "ನಾನು ಹಾಸನದ ಕಡೆಯವಳು. ಈಗ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಮನೆಯಲ್ಲೇ ರವಿಕೆ, ಚೂಡಿದಾರ್ ಹೊಲಿಯುತ್ತೇನೆ. ಪಕ್ಕದ ಹೈಲ್ಯಾಂಡ್ ಪಾರ್ಕ್‌ನ ಯಹೂದಿ ಹೆಂಗಸೊಬ್ಬರು ಫ್ರಾಕ್ ಹೊಲಿಸಿಕೊಂಡರು. ಮಂಡಿ ಮುಚ್ಚಬೇಕು, ಮೊಣಕೈ ಮುಚ್ಚಬೇಕು ಅಂದಿದ್ದರು, ಹಾಗೇ ಹೊಲಿದೆ. ಎರಡೇ ದಿನಕ್ಕೆ ವಾಪಸ್ ತಂದರು. ತಪ್ಪು ಎಲ್ಲಾಯಿತು? ಇವರ ನಿಯಮ ಏನು? ಹೆಣ್ಣು ಹೀಗೇ ಉಡಬೇಕು ಅನ್ನುವ ಕಟ್ಟುಪಾಡಿಗೆ ನಾನೂ ಕತ್ತರಿ ಹಿಡಿಯಬೇಕಾ ಅಂತಲೂ ಮನಸ್ಸು ಕೊರೆಯುತ್ತಿದೆ. ಅವರ ಕೂದಲು ಮಾತ್ರ ಯಾವಾಗ ನೋಡಿದರೂ ಎಷ್ಟು ಒಪ್ಪವಾಗಿರುತ್ತೆ ಗೊತ್ತಾ!"

ಸಂಪಾದಕರ ಉತ್ತರ:

ಅಳತೆ ತೆಗೆಯುವಾಗ ಅವರು ನಿಂತಿದ್ದರು, ಅಲ್ವಾ? ತಪ್ಪು ಅಲ್ಲೇ ಆಗಿರಬೇಕು. ನಿಂತಾಗ ಮಂಡಿಗಿಂತ ಒಂದಿಂಚು ಕೆಳಗಿದ್ದ ಅಂಚು ಕುರ್ಚಿಯಲ್ಲಿ ಕೂತ ತಕ್ಷಣ ಮಂಡಿ ದಾಟಿ ಮೇಲೆ ಹೋಗುತ್ತದೆ. ಕಾರು ಹತ್ತುವಾಗ ಇನ್ನೂ ಮೇಲೆ. ಅವರಿಗೆ ಕೂತಾಗಲೂ ಮಂಡಿ ಕಾಣಬಾರದು. ಬಗ್ಗಿದರೂ, ಮಗುವನ್ನು ಎತ್ತಿಕೊಂಡರೂ ಅಷ್ಟೇ.

ನನಗೂ ಈ ಪಾಠ ಆಗಿದೆ. ನಮ್ಮ ಗೃಹಪ್ರವೇಶಕ್ಕೆ ಹೊಲಿಸಿದ ರವಿಕೆಗೆ ಕೈ ಇಳಿಬಿಟ್ಟು ಅಳತೆ ಕೊಟ್ಟಿದ್ದೆ. ಬಾಗಿಲಿಗೆ ತೋರಣ ಕಟ್ಟಲು ಕೈ ಎತ್ತಿದೆ, ಕಂಕುಳಲ್ಲಿ ಪರ್ರ್ ಅಂತು. ಇಡೀ ದಿನ ಸೆರಗು ಹೊದ್ದುಕೊಂಡೇ ಓಡಾಡಿದೆ.

ಸಂಪ್ರದಾಯಸ್ಥ ಯಹೂದಿಗಳ ಈ ನಿಯಮಕ್ಕೆ ಹೀಬ್ರೂವಿನಲ್ಲಿ 'ಟ್ಸ್ನಿಯುತ್' ಅನ್ನುತ್ತಾರೆ. ಬೈಬಲಿನ ಮೀಕ ಪ್ರವಾದಿಯ ಗ್ರಂಥದ 6ನೇ ಅಧ್ಯಾಯದಲ್ಲಿ, ದೇವರ ಜೊತೆ ತಗ್ಗಿ ನಡೆ ಅನ್ನುವ ಕಡೆ, ಇದೇ ಮೂಲದ ಮಾತು ಬರುತ್ತದೆ. ಅಂದರೆ ಬಟ್ಟೆಗಿಂತ ಮುಂಚೆ ಅದು ನಡತೆಯ ಮಾತು, ಗಂಡಸರಿಗೂ ಸೇರಿದ್ದು. ಆದರೆ ಟೈಲರ್ ಹತ್ತಿರ ಬರುವ ಹೊತ್ತಿಗೆ ಅದು ಮುಖ್ಯವಾಗಿ ಹೆಂಗಸರ ಕತ್ತು, ತೋಳು, ಮಂಡಿಯ ಲೆಕ್ಕವಾಗಿರುತ್ತದೆ.

ಕತ್ತಿನ ಬುಡದ ಕಾಲರ್ ಬೋನ್ ಮುಚ್ಚಬೇಕು. ತೋಳು ಮೊಣಕೈ ದಾಟಬೇಕು. ಲಂಗ ಮಂಡಿಯ ಕೆಳಗೆ ಬರಬೇಕು. ಮೈಗೆ ಅಂಟಬಾರದು, ಬಟ್ಟೆಯೊಳಗಿಂದ ಮೈ ಕಾಣಬಾರದು. ಹೇಳಲು ಸುಲಭ, ಹೊಲಿಯುವಾಗಲೇ ಇರುವುದು ಕಷ್ಟ. ಮುಂದಿನ ಸಲ ಅವರನ್ನು ಗಟ್ಟಿ ಕುರ್ಚಿಯ ಮೇಲೆ ಕೂರಿಸಿ, ಸೊಂಟದಿಂದ ಮಂಡಿಯ ಮೇಲೆ ಹಾಯಿಸಿ ಕೆಳಗಿನವರೆಗೆ ಟೇಪು ಹಿಡಿಯಿರಿ. ಮಂಡಿಯಿಂದ 4 ಇಂಚು ಕೆಳಗೆ ಅನ್ನುವ ಲೆಕ್ಕ ಅವರಲ್ಲಿ ತುಂಬಾ ಜನ ಇಟ್ಟುಕೊಂಡಿದ್ದಾರೆ. ತಾಲ್ಮುದ್ ಅನ್ನುವ ಅವರ ಧರ್ಮಗ್ರಂಥದಲ್ಲಿ 'ಟೆಫಾಖ್' ಅಂತ ಒಂದು ಅಳತೆ ಬರುತ್ತದೆ, ನಮ್ಮ ಹಿಡಿಯ ಹಾಗೆ. ಅದೂ ಹೆಚ್ಚುಕಡಿಮೆ ಅಷ್ಟೇ. ತೋಳಿನ ಅಳತೆ ತೆಗೆಯುವಾಗ ಕೈ ಮಡಿಚಿಸಿ. ಮಡಿಚಿದರೆ ತೋಳು ಮೇಲೆ ಸರಿಯುತ್ತದೆ, ಅದಕ್ಕೇ ಮುಕ್ಕಾಲು ತೋಳು ಇಡುವುದು.

ಕಂಕುಳಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಅನುಭವಸ್ಥರೂ ಎಡವುವ ಜಾಗ ಅದು. ಸಡಿಲ ಇರಲಿ ಅಂತ ಕಂಕುಳನ್ನು ಆಳವಾಗಿ ಕತ್ತರಿಸಿದರೆ ಕೈ ಎತ್ತಿದಾಗ ಇಡೀ ಫ್ರಾಕೇ ಮೇಲೆ ಏಳುತ್ತದೆ, ಅದರ ಜೊತೆಗೆ ಲಂಗದ ಅಂಚೂ ಏಳುತ್ತದೆ. ಕಂಕುಳು ಮೇಲಿರಲಿ. ಸಡಿಲವನ್ನು ತೋಳಿನ ಅಗಲದಲ್ಲಿ ಕೊಡಿ, ಇಲ್ಲವೇ ಕಂಕುಳಲ್ಲಿ ಒಂದು ಸಣ್ಣ ಚೌಕದ ತುಂಡು ಕೂಡಿಸಿ. ನಮ್ಮ ಬೋಟ್ ನೆಕ್ ಇಲ್ಲಿ ನಡೆಯುವುದು ಕಷ್ಟ, ಭುಜದಿಂದ ಜಾರುತ್ತದೆ. ಹಿಂದಿನ ಕತ್ತನ್ನೂ ಏರಿಸಿ. ಚೂಡಿದಾರ್ ಹೊಲಿದ ಕೈ ಸುಮ್ನೆ ಪಕ್ಕದಲ್ಲಿ ಸೀಳು ಬಿಟ್ಟುಬಿಡುತ್ತದೆ, ಹುಷಾರು. ನಡೆಯಲು ಜಾಗ ಬೇಕಿದ್ದರೆ ಸೀಳಿನ ಬದಲು ಒಳಮಡಿಕೆಯ ಪ್ಲೀಟು ಕೊಡಿ. ಶರ್ಟಿನ ಗುಂಡಿಗಳ ನಡುವೆ ಬಾಯಿ ಬಿಡುವ ಕಡೆ ಒಳಗೊಂದು ಟಿಚ್ ಬಟನ್ ಹಾಕಿ. ಲೈನಿಂಗ್ ಬೇಕೋ ಬೇಡವೋ ಅನ್ನುವುದನ್ನು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ತೀರ್ಮಾನಿಸಿ.

ಇಷ್ಟೆಲ್ಲ ಹೇಳಿದರೂ ಕೊನೆಯ ಮಾತು ಅವರದ್ದೇ. ಒಬ್ಬರಿಗೆ ಮಂಡಿ ಮುಚ್ಚಿದರೆ ಸಾಕು, ಇನ್ನೊಬ್ಬರಿಗೆ ಮೀನಖಂಡದ ಅರ್ಧ ಮುಚ್ಚಬೇಕು, ಮೇಲೆ ದಪ್ಪ ಕಾಲುಚೀಲ. ಕೆಲವರು ಅಚ್ಚ ಕೆಂಪು ಉಡುವುದಿಲ್ಲ. ಪಂಗಡಕ್ಕೆ ಪಂಗಡ ಬೇರೆ, ಒಮ್ಮೊಮ್ಮೆ ಮನೆಗೆ ಮನೆ ಬೇರೆ. ಅವರು ನೆಮ್ಮದಿಯಾಗಿ ಹಾಕಿಕೊಳ್ಳುವ ಒಂದು ಹಳೆಯ ಫ್ರಾಕ್ ತರಲು ಹೇಳಿ. ನಾವು ಅಳತೆ ರವಿಕೆ ಕೊಡುವುದಿಲ್ಲವೇ, ಹಾಗೆ.

ನೀವು ಕೇಳದ ಒಂದು ವಿಷಯ. ಉಣ್ಣೆ ಮತ್ತು ನಾರಗಸೆಯ ಲಿನನ್ ಒಂದೇ ಬಟ್ಟೆಯಲ್ಲಿ ಸೇರಬಾರದು. ಬೈಬಲಿನ ಧರ್ಮೋಪದೇಶಕಾಂಡ 22:11ರಲ್ಲಿ ಇದೆ, ಹೆಸರು 'ಶಾಟ್ನೆಜ್'. ಉಣ್ಣೆಯ ಕೋಟಿನ ಕಾಲರ್ ಒಳಗಿನ ಕ್ಯಾನ್ವಾಸ್‌ನಲ್ಲಿ ಲಿನನ್ ಇದ್ದರೂ ಅವರು ಅದನ್ನು ತೊಡುವ ಹಾಗಿಲ್ಲ. ಸೂಕ್ಷ್ಮದರ್ಶಕದಲ್ಲಿ ನೂಲು ನೋಡಿ ಹೇಳುವ ಪರೀಕ್ಷಾ ಕೇಂದ್ರಗಳೇ ನಿಮ್ಮ ಕಡೆ ಇವೆ. ಹತ್ತಿ, ರೇಷ್ಮೆ, ಪಾಲಿಯೆಸ್ಟರ್‌ಗೆ ತೊಂದರೆ ಇಲ್ಲ. ಉಣ್ಣೆ ಹೊಲಿಯುವ ದಿನ ಲಿನನ್ ದಾರ ಡಬ್ಬಿಯಲ್ಲೇ ಇರಲಿ. ಅದೇ ಅಧ್ಯಾಯದ 5ನೇ ವಚನ ಹೆಂಗಸು ಗಂಡಸಿನ ಉಡುಪು ತೊಡಬಾರದು ಅನ್ನುತ್ತದೆ. ಪ್ಯಾಂಟು ಬೇಡ ಅನ್ನುವವರು ಅದನ್ನೂ ಒಂದು ಕಾರಣವಾಗಿ ಹೇಳುತ್ತಾರೆ.

ಇನ್ನು ನಿಮ್ಮ ಮನಸ್ಸು ಕೊರೆಯುವ ಮಾತು. ಈ ಕಟ್ಟುಪಾಡಿನಲ್ಲಿ ಉಸಿರು ಕಟ್ಟಿ ಹೊರಗೆ ಬಂದ ಹೆಂಗಸರಿದ್ದಾರೆ, ದೊಡ್ಡವರಾದ ಮೇಲೆ ತಾವಾಗಿಯೇ ಇದನ್ನು ಹಿಡಿದವರೂ ಇದ್ದಾರೆ. ನಿಮ್ಮ ಗಿರಾಕಿ ಯಾರೆಂದು ನನಗೆ ಗೊತ್ತಿಲ್ಲ, ನಿಮಗೂ ಇನ್ನೂ ಗೊತ್ತಿಲ್ಲ. "ಕತ್ತು ಜಾಸ್ತಿ ಇಳಿಸಬೇಡಪ್ಪಾ" ಅಂತ ಅತ್ತೆ ಪಕ್ಕದಲ್ಲಿ ನಿಂತು ಹೇಳಿದ ರವಿಕೆಗಳನ್ನು ನಾವು ಎಷ್ಟು ಹೊಲಿಸಿಲ್ಲ! ಎದುರಿಗೆ ಇರುವವರು ತಮಗಾಗಿ ಕೇಳುತ್ತಿದ್ದರೆ ಹೊಲಿದುಕೊಡಿ. ಅಳುವ ಹುಡುಗಿಯನ್ನು ಯಾರಾದರೂ ಎಳೆದು ತಂದರೆ ಬೇಡ ಅನ್ನುವ ಹಕ್ಕು ನಿಮಗಿದೆ. ಚೆನ್ನಾಗಿ ಕಾಣಲಿ ಅಂತ ಹೇಳದೆ ಕೇಳದೆ ಅರ್ಧ ಇಂಚು ಕಮ್ಮಿ ಮಾಡುವುದು ಮಾತ್ರ ಸರಿಯಲ್ಲ.

ಕೂದಲಿನ ಗುಟ್ಟು: ಅದು ವಿಗ್ ಇರಬಹುದು. ಮದುವೆಯಾದವರು ಕೂದಲು ಮುಚ್ಚಬೇಕು. ಕೆಲವರು ತಲೆವಸ್ತ್ರ ಕಟ್ಟುತ್ತಾರೆ, ಕೆಲವರು 'ಶೇಟಲ್' ಅನ್ನುವ ವಿಗ್ ಹಾಕುತ್ತಾರೆ. 2004ರಲ್ಲಿ ಇದು ನಮ್ಮ ತಿರುಪತಿಯವರೆಗೂ ಬಂದಿತ್ತು. ನಾವು ಕೊಟ್ಟ ಮುಡಿಯ ಕೂದಲು ವಿಗ್ ಆಗಿ ಅವರ ತಲೆ ಸೇರುತ್ತಿದೆ, ಬೇರೆ ದೇವರಿಗೆ ಅರ್ಪಿಸಿದ್ದು ಯಹೂದಿಗಳಿಗೆ ನಿಷಿದ್ಧ ಅಂತ ಜೆರುಸಲೇಮಿನ ಧರ್ಮಗುರು ರಬ್ಬಿ ಯೋಸೆಫ್ ಶಾಲೋಮ್ ಎಲ್ಯಾಶಿವ್ ತೀರ್ಪು ಕೊಟ್ಟರು. ಬ್ರೂಕ್ಲಿನ್ ಬೀದಿಯಲ್ಲಿ ದುಬಾರಿ ವಿಗ್‌ಗಳನ್ನು ರಾಶಿ ಹಾಕಿ ಸುಟ್ಟರು. ಹರಕೆ ತೀರಿಸಿ ನುಣ್ಣನೆ ತಲೆಯಲ್ಲಿ ಬೆಟ್ಟ ಇಳಿದವರಿಗೆ ಇದು ಗೊತ್ತೇ ಆಗಲಿಲ್ಲ.

ಆ ಫ್ರಾಕನ್ನು ಬಿಚ್ಚಿ, ಕೆಳಗೆ ಅದೇ ಬಟ್ಟೆಯ ಅಗಲ ಪಟ್ಟಿಯನ್ನೋ ನೆರಿಗೆಯನ್ನೋ ಕೂಡಿಸಿ ಗುರುವಾರದೊಳಗೆ ಕೊಟ್ಟುಬಿಡಿ. ಶುಕ್ರವಾರ ಹೊತ್ತು ಮುಳುಗಿದ ಮೇಲೆ ಶನಿವಾರ ರಾತ್ರಿಯವರೆಗೆ ಫೋನ್ ಮಾಡಬೇಡಿ, ಅದು ಶಬ್ಬಾತ್, ಅವರ ವಾರದ ವಿಶ್ರಾಂತಿಯ ದಿನ. ಆ ದಿನ ಮಾಡಬಾರದ 39 ಕೆಲಸಗಳಲ್ಲಿ ಎರಡು ಹೊಲಿಗೆ ಹಾಕುವುದೂ ಒಂದು. ಶುಕ್ರವಾರ ಸಂಜೆ ಟೈಲರ್ ಸೂಜಿ ಸಿಕ್ಕಿಸಿಕೊಂಡು ಹೊರಗೆ ಹೋಗಬಾರದು, ಮರೆತು ಶಬ್ಬಾತ್‌ನಲ್ಲೂ ಹೊತ್ತುಕೊಂಡೇ ಹೋದಾನು ಅಂತ ಮಿಶ್ನಾ ಅನ್ನುವ ಅವರ ಹಳೆಯ ನಿಯಮಗ್ರಂಥದಲ್ಲೇ ಬರೆದಿದೆ. ಫ್ರಾಕ್ ಹಿಡಿಸಿದರೆ ಅವರ ಅಕ್ಕತಂಗಿಯರೂ ಬರುತ್ತಾರೆ. ಮಾರ್ಚ್-ಏಪ್ರಿಲ್ ಹೊತ್ತಿನ ಪಸ್ಕ ಹಬ್ಬಕ್ಕೆ ಹೊಸ ಬಟ್ಟೆ ಬೇಕು, ಸೆಪ್ಟೆಂಬರ್ ಹೊತ್ತಿನ ಹೊಸ ವರ್ಷಕ್ಕೂ ಬೇಕು. ಅದರ ಬೆನ್ನಿಗೇ ನಮ್ಮವರ ದೀಪಾವಳಿ ರವಿಕೆಗಳೂ ಬಂದು ಬೀಳುತ್ತವೆ. ಆರ್ಡರ್ ಪುಸ್ತಕದಲ್ಲಿ ಈಗಲೇ ತಾರೀಖು ಬರೆದಿಟ್ಟುಕೊಳ್ಳಿ.