ಮಳೆಗಾಲದಲ್ಲಿ ಕ್ಲಿಯರ್ ಕೋಟ್ ಹೊಡೆಯಬೇಡಿ ಅಂದರೆ ಕೇಳಿ

ಜೂನ್ ಶುರುವಾದರೆ ಸಾಕು, ಮಲೆನಾಡಿನ ಕಡೆಯಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ಗಾಡಿಯ ಬಣ್ಣದ ಮೇಲೆ ಹೊಳಪಿಗೆ ಹೊಡೆಯುವ ಬಣ್ಣವಿಲ್ಲದ ಪದರ, ಅಂದರೆ ಕ್ಲಿಯರ್ ಕೋಟ್, ಯಾಕೆ ಮಬ್ಬಾಗುತ್ತದೆ? ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ಪುಟ್ಟಿ, ಪ್ರೈಮರ್, ಉಜ್ಜುವುದು ಹೇಗೆ ಎಂದೆಲ್ಲ ವಿವರಿಸುವುದಿಲ್ಲ. ಅದು ಗೊತ್ತಿಲ್ಲದವರು ಸ್ಪ್ರೇ ಗನ್ ಹಿಡಿಯಲೇಬಾರದು.

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ತೋಟ. ಜುಲೈನಲ್ಲಿ ಹಳೇ ಜೀಪಿನ ಬಾನೆಟ್‌ಗೆ ಶೆಡ್‌ನಲ್ಲೇ ಕಲರ್ ಹೊಡೆದು, ಮೇಲೆ ಎರಡು ಕೋಟ್ ಕ್ಲಿಯರ್ ಹೊಡೆದೆ. ಆಗ ಚೆನ್ನಾಗಿ ಹೊಳೆಯುತ್ತಿತ್ತು. ಮರುದಿನ ಮಬ್ಬಾಗಿದೆ, ಅಲ್ಲಲ್ಲಿ ಬೆಳ್ಳಗಾಗಿದೆ. ಅಂಚಿನಲ್ಲಿ ಕಿತ್ತಳೆ ಸಿಪ್ಪೆ ಥರ ತರಿತರಿ. ಥಿನ್ನರ್ ಜಾಸ್ತಿ ಹಾಕಿ, ಗ್ಯಾಸ್ ಒಲೆ ಹಚ್ಚಿ ಶೆಡ್ ಬಿಸಿ ಮಾಡಿ ಎಂದು ಅಂಗಡಿಯವರು ಹೇಳಿದರು. ಹೊಸ ಗನ್ ಬೇಕಾ?

ಗನ್ ಬೇಡ. ನೀವು ಹೊಡೆದ ದಿನವೇ ತಪ್ಪು.

ಒಲೆಯ ಮಾತು ಮೊದಲು. ಥಿನ್ನರ್ ಆವಿ ತುಂಬಿದ ಮುಚ್ಚಿದ ಶೆಡ್‌ನಲ್ಲಿ ಬೆಂಕಿ ಹಚ್ಚಿದರೆ ಜೀಪೂ ಉಳಿಯುವುದಿಲ್ಲ, ನೀವೂ ಉಳಿಯುವುದಿಲ್ಲ. ಇಂಥ ಸಲಹೆ ಕೊಡುವ ಅಂಗಡಿಗೆ ಮತ್ತೆ ಹೋಗಬೇಡಿ. ಅಪಾಯ ಬಿಟ್ಟರೂ ಲಾಭವಿಲ್ಲ. ಗ್ಯಾಸ್ ಆಗಲಿ ಸೀಮೆಎಣ್ಣೆ ಆಗಲಿ, ಉರಿದಾಗ ನೀರಿನ ಆವಿ ಬಿಡುತ್ತದೆ. ಒಣಗಿಸಲು ಹೋಗಿ ಶೆಡ್‌ಗೆ ಇನ್ನಷ್ಟು ತೇವ ತುಂಬಿದ ಹಾಗಾಯಿತು.

ಈಗ ಬಾನೆಟ್ ಯಾಕೆ ಮಬ್ಬಾಯಿತು ಎಂದು ನೋಡೋಣ. ಹಾರ್ಡನರ್ (ಗಟ್ಟಿ ಮಾಡುವ ದ್ರವ) ಬೆರೆಸಿ ಹೊಡೆಯುವ 2ಕೆ, ಅಂದರೆ ಎರಡು ಭಾಗದ ಕ್ಲಿಯರ್ ಬರೀ ಆರಿ ಗಟ್ಟಿಯಾಗುವುದಲ್ಲ. ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಕ್ಲಿಯರ್ ಜೊತೆ ಸೇರಿ ಗಟ್ಟಿಯಾಗುತ್ತದೆ. ನೀರು ಸಿಕ್ಕರೆ ಅದು ನೀರಿನ ಜೊತೆಗೂ ಸೇರುತ್ತದೆ. ಆಗ ಇಂಗಾಲದ ಡೈಆಕ್ಸೈಡ್ ಹೊರಟು ಸೂಕ್ಷ್ಮ ಗುಳ್ಳೆಗಳು ಏಳುತ್ತವೆ. ಅಷ್ಟು ಹಾರ್ಡನರ್ ವ್ಯರ್ಥವಾಗಿ ಪದರ ಮೆತ್ತಗೆ ಉಳಿಯುತ್ತದೆ. ಇನ್ನೊಂದು ವಿಷಯ, ಥಿನ್ನರ್ ಆರುವಾಗ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಆ ತಣ್ಣನೆಯ ಹಸಿ ಕ್ಲಿಯರ್ ಮೇಲೆ ಕಣ್ಣಿಗೆ ಕಾಣದಷ್ಟು ಇಬ್ಬನಿ ಕೂರುತ್ತದೆ. ನೀವು ನೋಡಿದ ಬಿಳುಪು ಅದೇ.

ಲೆಕ್ಕ ಹೀಗಿದೆ. ಗಾಳಿ 22 ಡಿಗ್ರಿ, ತೇವಾಂಶ ಶೇ 90 ಇದ್ದರೆ ಸುಮಾರು 20 ಡಿಗ್ರಿಗೇ ಇಬ್ಬನಿ ಕಟ್ಟುತ್ತದೆ. ತಗಡು ಅದಕ್ಕಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು, ಅಂದರೆ ಗಾಳಿಗಿಂತಲೂ ಬಿಸಿ. ರಾತ್ರಿಯೆಲ್ಲ ಶೆಡ್‌ನಲ್ಲಿ ನಿಂತ ಬಾನೆಟ್ ಹಾಗಿರುತ್ತದಾ? ಅದೇ ಗಾಳಿ 24 ಡಿಗ್ರಿ, ತೇವಾಂಶ ಶೇ 60 ಇದ್ದರೆ ಇಬ್ಬನಿ ಕಟ್ಟುವುದು 16ರ ಹತ್ತಿರ. ಆಗ ನೆಮ್ಮದಿಯಾಗಿ ಹೊಡೆಯಬಹುದು. ಕಡೂರು, ಅರಸೀಕೆರೆಯ ಒಣ ಹವೆಯಲ್ಲಿ ಚೆನ್ನಾಗಿ ಬರುವ ಕೆಲಸ ಮೂಡಿಗೆರೆ, ಸಕಲೇಶಪುರದಲ್ಲಿ ಕೈಕೊಡುವುದು ಇದರಿಂದಲೇ. ಡಬ್ಬಿಯೂ ಅದೇ, ಕೈಯೂ ಅದೇ, ಗಾಳಿ ಬೇರೆ.

ತೇವಾಂಶ ತೋರಿಸುವ ಚಿಕ್ಕ ಮೀಟರ್ ಕಡಿಮೆ ಬೆಲೆಗೆ ಸಿಗುತ್ತದೆ, ತಗೊಳ್ಳಿ. ಅದಿಲ್ಲದಿದ್ದರೆ, ಬಣ್ಣ ಹೊಡೆಯುವ ಮೊದಲೇ ಒದ್ದೆ ಬಟ್ಟೆಯಿಂದ ತಗಡಿನ ಮೇಲೆ ಒಂದು ಗೆರೆ ಎಳೆಯಿರಿ. ಕಾಲು ಗಂಟೆಯಾದರೂ ಆರದಿದ್ದರೆ ಗನ್ ಒಳಗಿಡಿ. ಮಳೆಗಾಲ ಮುಗಿದ ಮೇಲೆ, ಮಂಜು ಕರಗಿ ತಗಡು ಬೆಚ್ಚಗಾದ ಹೊತ್ತಿನಲ್ಲಿ, ಹನ್ನೊಂದರಿಂದ ಮೂರರ ಒಳಗೆ ಹೊಡೆಯಿರಿ. ಕಣದಲ್ಲಿ ಕಾಫಿ ಒಣಗುತ್ತಿದ್ದರೆ ಆ ದಿನವೂ ಬೇಡ. ಕಣದ ಧೂಳು ಬಾನೆಟ್‌ಗೆ ಬರುತ್ತದೆ, ನಿಮ್ಮ ಸ್ಪ್ರೇ ಕಾಫಿಗೆ ಹೋಗುತ್ತದೆ.

ನೀರು ಬರುವ ಇನ್ನೊಂದು ದಾರಿ ಕಂಪ್ರೆಸರ್. ಅದರಿಂದ ಹೊರಡುವ ಬಿಸಿ ಗಾಳಿಯಲ್ಲಿ ನೀರು ಆವಿಯಾಗಿರುತ್ತದೆ. ಪೈಪಿನಲ್ಲಿ ತಣ್ಣಗಾದ ಮೇಲೆ ಹನಿಯಾಗಿ ಗನ್‌ಗೆ ಬರುತ್ತದೆ. ವಾಟರ್ ಫಿಲ್ಟರನ್ನು ಕಂಪ್ರೆಸರ್ ಪಕ್ಕದಲ್ಲೇ ಕೂರಿಸಿದರೆ ಆವಿ ಸುಮ್ನೆ ದಾಟಿ ಹೋಗುತ್ತದೆ. ಗಾಳಿ ಕೆಲವು ಮೀಟರ್ ಹರಿದು ತಣ್ಣಗಾಗುವ ಕಡೆ ಕೂರಿಸಿ. ಟ್ಯಾಂಕ್ ಅಡಿಯ ನೀರನ್ನು ಪ್ರತಿ ಸಲ ಬಿಡಿ.

ಅಂಚಿನ ತರಿಗೆ ಕಾರಣ ಬೇರೆ. ಹನಿಗಳು ಒಂದಕ್ಕೊಂದು ಸೇರಿ ಹರಡುವ ಮೊದಲೇ ಬಿಗಿದಿವೆ. ಗನ್ ದೂರ ಹಿಡಿದಿದ್ದೀರಿ, ಇಲ್ಲವೇ ಕೈ ಬೇಗ ಓಡಿಸಿದ್ದೀರಿ. ನಾಝಲ್ 1.3 ಅಥವಾ 1.4 ಮಿ.ಮೀ. ಇರಲಿ. ಎಚ್‌ವಿಎಲ್‌ಪಿ (ಕಡಿಮೆ ಒತ್ತಡದಲ್ಲಿ ಹೆಚ್ಚು ಗಾಳಿ ಬಿಡುವ) ಗನ್ ಆದರೆ ಒತ್ತಡ ಸುಮಾರು 2 ಬಾರ್, ದೂರ 15ರಿಂದ 20 ಸೆಂ.ಮೀ. ಪ್ರತಿ ಪಟ್ಟೆ ಹಿಂದಿನ ಪಟ್ಟೆಯ ಅರ್ಧಕ್ಕಿಂತ ಜಾಸ್ತಿ ಮುಚ್ಚಬೇಕು. ಮೊದಲ ಕೋಟ್ ಮಧ್ಯಮ. ಅದು ಬೆರಳಿಗೆ ಅಂಟುವಷ್ಟು ಬಿಗಿಯಲು ಐದು–ಹತ್ತು ನಿಮಿಷ ಬಿಡಿ, ತಂಪಿದ್ದರೆ ಇನ್ನೂ ಜಾಸ್ತಿ. ಎರಡನೆಯದು ತುಂಬು ಕೋಟ್. ಅವಸರ ಮಾಡಿದರೆ ಒಳಗೆ ಸಿಕ್ಕಿಕೊಂಡ ಥಿನ್ನರ್ ಆಮೇಲೆ ಗುಳ್ಳೆ ಎಬ್ಬಿಸುತ್ತದೆ.

ಥಿನ್ನರ್ ಸುರಿಯುವುದು ಇದಕ್ಕೆ ಮದ್ದಲ್ಲ. ಕ್ಲಿಯರ್ ಇಳಿದು ಸೋರುತ್ತದೆ, ಹೊಳಪು ಮರುದಿನ ಕುಗ್ಗುತ್ತದೆ. ಲೂಸ್‌ನಲ್ಲಿ ಸಿಗುವ ಎನ್‌ಸಿ (ನೈಟ್ರೋಸೆಲ್ಯುಲೋಸ್ ಬಣ್ಣದ) ಥಿನ್ನರ್ ಅಂತೂ ಮುಟ್ಟಬೇಡಿ. ಅದರಲ್ಲಿ ಆಲ್ಕೋಹಾಲ್ ಇದ್ದರೆ ಅದೂ ಹಾರ್ಡನರನ್ನು ತಿನ್ನುತ್ತದೆ. ಕ್ಲಿಯರ್ ಕಂಪನಿ ಹೇಳಿದ ಪಿಯು (ಪಾಲಿಯುರೆಥೇನ್) ಥಿನ್ನರ್ ಹಾಕಿ, ಡಬ್ಬಿ ಮೇಲೆ ಬರೆದಷ್ಟೇ.

ಈ ಬಾನೆಟ್ ಉಳಿಯುತ್ತದಾ? ಒಂದು ವಾರ ಬಿಡಿ. ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾಗಿದ್ದರೆ 1500, ಆಮೇಲೆ 2000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಸ್ಯಾಂಡ್‌ಪೇಪರ್) ಹೊಡೆದು ಪಾಲಿಶ್ ಮಾಡುವ ಕಾಂಪೌಂಡ್ ಹಾಕಿ. ಮಬ್ಬು ಮೇಲಷ್ಟೇ ಇದ್ದರೆ ಹೋಗುತ್ತದೆ. ಎರಡು ಕೋಟ್ ಸೇರಿದರೂ ದಪ್ಪ 50–60 ಮೈಕ್ರಾನ್ ಅಷ್ಟೇ, ಅಂಚುಗಳಲ್ಲಿ ಇನ್ನೂ ತೆಳು. ಅಲ್ಲಿ ಉಜ್ಜಿದರೆ ಕಲರ್ ಕಿತ್ತು ಬರುತ್ತದೆ, ಟೇಪ್ ಹಚ್ಚಿಕೊಳ್ಳಿ. ಬಿಳುಪು ಒಳಗೇ ಇದ್ದರೆ 800 ಪೇಪರ್ ಹೊಡೆದಿಟ್ಟು, ಒಣ ಹವೆಗೆ ಕಾದು ಮತ್ತೆ ಕ್ಲಿಯರ್ ಹೊಡೆಯಿರಿ. ಉಗುರು ಇನ್ನೂ ಒಳಗಿಳಿಯುತ್ತಿದ್ದರೆ ಪೂರ್ತಿ ತೆಗೆಯಬೇಕು, ಬೇರೆ ದಾರಿಯಿಲ್ಲ.

ಪ್ರಶ್ನೆ: ಹಾರ್ಡನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದಲ್ಲವೇ? (ಬೇಲೂರು)

ಇಲ್ಲ. ಅಳತೆ ತಪ್ಪಿದರೆ ಪದರವೇ ಕೆಡುತ್ತದೆ.

ಪ್ರಶ್ನೆ: ಮುಖಕ್ಕೆ ಒದ್ದೆ ಟವೆಲ್ ಕಟ್ಟಿಕೊಂಡು ಹೊಡೆದರೆ ಸಾಕಾ? (ಹಾಸನ)

ಸಾಲದು, ಖಂಡಿತ ಸಾಲದು. ಐಸೊಸಯನೇಟ್ ಉಸಿರಿಗೆ ಹೋದರೆ ಆಸ್ತಮಾ ಬರಬಹುದು. ಒಮ್ಮೆ ದೇಹಕ್ಕೆ ಒಗ್ಗದೆ ಹೋದರೆ ಆಮೇಲೆ ಸ್ವಲ್ಪ ತಾಗಿದರೂ ಉಸಿರು ಕಟ್ಟುತ್ತದೆ. ಅದರ ವಾಸನೆಯನ್ನು ನಂಬಿ ಕೂರಬೇಡಿ, ಮೂಗಿಗೆ ಗೊತ್ತಾಗುವ ಹೊತ್ತಿಗೆ ಮಿತಿ ದಾಟಿರುತ್ತದೆ. ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್ ಬೇಕು, ಕೈಗೆ ನೈಟ್ರೈಲ್ ಗ್ಲೌಸ್ ಬೇಕು. ಇಷ್ಟು ಹೊಂದಿಸಲು ಆಗದಿದ್ದರೆ ಪೇಂಟ್ ಬೂತ್ (ಬಣ್ಣ ಹೊಡೆಯಲೆಂದೇ ಇರುವ ಕೋಣೆ) ಇರುವ ಗ್ಯಾರೇಜಿಗೆ ಗಾಡಿ ಬಿಡಿ. ಮಗನ ಕೈಗೆ ಸ್ಪ್ರೇ ಗನ್ ಕೊಟ್ಟು ಹೊಡೆಸುತ್ತಿದ್ದೇನೆ ಎಂದೂ ಪತ್ರದಲ್ಲಿ ಬರೆದಿದ್ದೀರಿ. ದಯವಿಟ್ಟು ಇವತ್ತೇ ನಿಲ್ಲಿಸಿ.

ಪ್ರಶ್ನೆ: ಬೈಕ್ ಟ್ಯಾಂಕ್‌ಗೆ ಸ್ಪ್ರೇ ಡಬ್ಬಿಯ ಕ್ಲಿಯರ್ ಹೊಡೆದೆ, ಪೆಟ್ರೋಲ್ ಚೆಲ್ಲಿದ ಕಡೆ ಕರಗಿತು. (ಚಿಕ್ಕಮಗಳೂರು)

ಹಾರ್ಡನರ್ ಇಲ್ಲದ ಡಬ್ಬಿ ಅದು. ಟ್ಯಾಂಕ್‌ಗೆ 2ಕೆ ಬೇಕು.

ಪ್ರಶ್ನೆ: ಸಿಪ್ಪೆ ಎದ್ದ ಕ್ಲಿಯರ್ ಮೇಲೆ ಕೋಟಿಂಗ್ ಹಚ್ಚಿ ಸರಿಮಾಡುತ್ತೇವೆ ಎಂದು ಮನೆ ಬಾಗಿಲಿಗೇ ಬಂದಿದ್ದಾರೆ. (ಚನ್ನರಾಯಪಟ್ಟಣ)

ಹಣ ಕೊಡಬೇಡಿ. ಸಿಪ್ಪೆ ಏಳುತ್ತಿರುವ ಪದರದ ಮೇಲೆ ಏನು ಹಚ್ಚಿದರೂ ಅದರ ಜೊತೆಗೇ ಏಳುತ್ತದೆ.

ಪ್ರಶ್ನೆ: ಹೊಸ ಕ್ಲಿಯರ್ ಮೇಲೆ ವ್ಯಾಕ್ಸ್ ಯಾವಾಗ? (ಆಲೂರು)

ಒಂದು ತಿಂಗಳು ಬಿಡಿ. ಅಲ್ಲಿಯವರೆಗೆ ಬರೀ ನೀರು, ಮೆತ್ತನೆ ಬಟ್ಟೆ.