ಉತ್ತರ ಕೊರಿಯಾ ಮಾತುಕತೆಯಿಂದ ಅಣ್ವಸ್ತ್ರ ಬಿಟ್ಟೀತೇ?

ನೀವು ಕೇಳಿರುವುದು ಎರಡು ಪ್ರಶ್ನೆ: ಮೂವತ್ತು ವರ್ಷ ಮಾತಾಡಿಯೂ ಉತ್ತರ ಕೊರಿಯಾ ಬಾಂಬು ಬಿಡಲಿಲ್ಲವೇಕೆ, ಮುಂದೆಯಾದರೂ ಬಿಡಿಸಲು ಆದೀತೇ. ಎರಡನೆಯದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಕಿಮ್ ಜಾಂಗ್ ಉನ್ ಗದ್ದುಗೆಯಲ್ಲಿ ಇರುವವರೆಗೆ ಪೂರ್ತಿ ಬಿಡಿಸುವುದು ಆಗದ ಮಾತು ಅಂತಲೇ ನನ್ನ ಅಂದಾಜು. ಆದರೆ ಹೊಸ ಬಾಂಬಿಗೆ ಬೇಕಾದ ಸರಕು ತಯಾರಾಗುವುದನ್ನು ನಿಲ್ಲಿಸುವುದು ಆಗುವ ಕೆಲಸ. ಹಿಂದೆ ಒಮ್ಮೆ, ಅದೂ ಎಂಟು ವರ್ಷ, ಅರ್ಧದಷ್ಟಾದರೂ ನಿಲ್ಲಿಸಿದ್ದುಂಟು. ಹಾಗಾಗಿ "ಮಾತುಕತೆ ಯಾವತ್ತೂ ಫಲಿಸಿಲ್ಲ" ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಮೊದಲು ಸರಕಿನ ವಿಷಯ ತಿಳಿದುಕೊಳ್ಳಿ, ಅದಿಲ್ಲದೆ ಮಾತುಕತೆಯ ಜಗಳ ಅರ್ಥವಾಗುವುದಿಲ್ಲ. ಬಾಂಬಿಗೆ ಎರಡು ದಾರಿ. ಒಂದು ಪ್ಲುಟೋನಿಯಂ. ಉತ್ತರ ಕೊರಿಯಾದ ಮುಖ್ಯ ಅಣುಕೇಂದ್ರವಾದ ಯೊಂಗ್‌ಬ್ಯೊನ್‌ನಲ್ಲಿರುವ 5 ಮೆಗಾವಾಟ್‌ನ ಗ್ರಾಫೈಟ್ ರಿಯಾಕ್ಟರಿನಲ್ಲಿ ಯುರೇನಿಯಂ ಸರಳುಗಳನ್ನು ಉರಿಸಿ, ಹೊರತೆಗೆದು, ಆಮ್ಲದಲ್ಲಿ ಕರಗಿಸಿ ಪ್ಲುಟೋನಿಯಂ ಬೇರ್ಪಡಿಸುತ್ತಾರೆ. ವರ್ಷಕ್ಕೆ ಸಿಗುವುದು ಸುಮಾರು 6 ಕಿಲೋ. ಒಂದು ಬಾಂಬಿಗೆ 8 ಕಿಲೋ ಎಂಬುದು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ, ಅಂದರೆ ಐಎಇಎಯ ಲೆಕ್ಕ. ಪಳಗಿದ ಕೈಗೆ ಅಷ್ಟೂ ಬೇಕಿಲ್ಲ. ರಿಯಾಕ್ಟರ್ ಓಡಿದರೆ ಹಬೆ ಏಳುತ್ತದೆ, ಬಿಸಿನೀರು ನದಿಗೆ ಹೋಗುತ್ತದೆ, ಉಪಗ್ರಹಕ್ಕೆ ಕಾಣುತ್ತದೆ. ಎರಡನೆಯ ದಾರಿ ಯುರೇನಿಯಂ ಸಂವರ್ಧನೆ, ಅಂದರೆ ಬಾಂಬಿಗೆ ಬೇಕಾದ ಯುರೇನಿಯಂ-235ರ ಪಾಲನ್ನು ಹೆಚ್ಚಿಸುವುದು; ಆ ಕೆಲಸ ಮಾಡುವ, ರಭಸದಿಂದ ತಿರುಗುವ ಕೊಳವೆಗಳೇ ಸೆಂಟ್ರಿಫ್ಯೂಜ್. ಸೆಂಟ್ರಿಫ್ಯೂಜ್‌ಗಳು ಒಂದು ಸಾಧಾರಣ ಗೋದಾಮಿನ ಸೂರಿನಡಿ ತಿರುಗುತ್ತಿರಬಹುದು, ಹೊಗೆಯಿಲ್ಲ, ಹಬೆಯಿಲ್ಲ. ಮೊದಲ ದಾರಿಯ ಬಗ್ಗೆ ಚೌಕಾಸಿ ಮಾಡುವುದು ಸುಲಭ, ಎರಡನೆಯದರ ಬಗ್ಗೆ ಬಹಳ ಕಷ್ಟ.

ಜಗಳ ಶುರುವಾದದ್ದು 90 ಗ್ರಾಂನಿಂದ. 1985ರಲ್ಲಿ ಅಣ್ವಸ್ತ್ರ ಹರಡದಂತೆ ತಡೆಯುವ ಅಂತರರಾಷ್ಟ್ರೀಯ ಒಪ್ಪಂದವಾದ ಎನ್‌ಪಿಟಿಗೆ ಸೇರಿದ್ದ ಉತ್ತರ ಕೊರಿಯಾ 1992ರಲ್ಲಿ ಐಎಇಎಯವರನ್ನು ಒಳಗೆ ಬಿಟ್ಟಿತು. "ಒಂದೇ ಒಂದು ಸಲ, ಹಾಳಾದ ಸರಳುಗಳಿಂದ ಸುಮಾರು 90 ಗ್ರಾಂ ಪ್ಲುಟೋನಿಯಂ ತೆಗೆದಿದ್ದೇವೆ" ಎಂದು ಬರೆದುಕೊಟ್ಟಿತು. ತಪಾಸಕರು ಉಪಕರಣಗಳನ್ನು ಹತ್ತಿಬಟ್ಟೆಯಿಂದ ಒರೆಸಿ ಮಾದರಿ ತಂದರು. ಇಲ್ಲಿ ಒಂದು ಸೊಗಸಾದ ರಸಾಯನಶಾಸ್ತ್ರವಿದೆ. ಪ್ಲುಟೋನಿಯಂನಲ್ಲಿ 241 ಎಂಬ ಐಸೊಟೋಪ್ (ಅದೇ ಧಾತುವಿನ ಬೇರೆ ತೂಕದ ರೂಪ) ಸ್ವಲ್ಪ ಇರುತ್ತದೆ; 14 ವರ್ಷದಲ್ಲಿ ಅದರ ಅರ್ಧ ಭಾಗ ಅಮೆರಿಸಿಯಂ ಎಂಬ ಬೇರೆ ಧಾತುವಾಗಿ ಬದಲಾಗುತ್ತದೆ. ಪ್ಲುಟೋನಿಯಂ ಬೇರ್ಪಡಿಸುವಾಗ ಅಮೆರಿಸಿಯಂ ತೊಳೆದುಹೋಗಿ ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಆದ್ದರಿಂದ ಎರಡರ ಪ್ರಮಾಣ ಅಳೆದರೆ ಯಾವಾಗ ಬೇರ್ಪಡಿಸಿದರು ಎಂಬುದು ಗೊತ್ತಾಗುತ್ತದೆ. ಒಂದೇ ಗಡಿಯಾರ ಸಿಗಬೇಕಾದಲ್ಲಿ ಮೂರು ಸಿಕ್ಕವು: 1989, 1990, 1991. ಹಾಗಾದರೆ ಉಳಿದ ಪ್ಲುಟೋನಿಯಂ ಎಲ್ಲಿ? ಐಎಇಎ ಎರಡು ತ್ಯಾಜ್ಯದ ಜಾಗ ತೋರಿಸಿ ಎಂದಿತು. ಅದು ಸೈನ್ಯದ ಜಾಗ ಎಂದು ಹೇಳಿ ಉತ್ತರ ಕೊರಿಯಾ 1993ರ ಮಾರ್ಚ್ 12ರಂದು ಎನ್‌ಪಿಟಿ ಬಿಡುವುದಾಗಿ ಘೋಷಿಸಿತು. ಬಿಡಲು ಮೂರು ತಿಂಗಳ ನೋಟಿಸ್ ಬೇಕು. ಇನ್ನೊಂದು ದಿನ ಉಳಿದಿರುವಾಗ ತಡೆಹಿಡಿಯಿತು. ಹತ್ತು ವರ್ಷದ ಮೇಲೆ 2003ರಲ್ಲಿ ನಿಜಕ್ಕೂ ಹೊರಟಾಗ "ಹಳೆಯ ನೋಟಿಸಿನಲ್ಲಿ ಒಂದೇ ದಿನ ಬಾಕಿ" ಎಂದು ವಾದಿಸಿತು. ಇವರು ಒಪ್ಪಂದದ ಅಕ್ಷರಗಳನ್ನು ಎಷ್ಟು ಜೋಪಾನವಾಗಿ ಓದುತ್ತಾರೆ ಅನ್ನುವುದಕ್ಕೆ ಇದೊಂದೇ ಸಾಕು.

1994ರ ಅಕ್ಟೋಬರಿನಲ್ಲಿ ಜಿನೀವಾದಲ್ಲಿ ಅಮೆರಿಕದೊಂದಿಗೆ ಆದ ಒಪ್ಪಂದವೇ ನಾನು ಹೇಳಿದ ಎಂಟು ವರ್ಷದ್ದು. ಉತ್ತರ ಕೊರಿಯಾ ಕೊಡಬೇಕಾದ್ದು: 5 ಮೆಗಾವಾಟ್ ರಿಯಾಕ್ಟರಿಗೆ ಬೀಗ, ಕಟ್ಟುತ್ತಿದ್ದ 50 ಮತ್ತು 200 ಮೆಗಾವಾಟ್ ರಿಯಾಕ್ಟರುಗಳ ಕೆಲಸ ಬಂದ್, ಹೊರತೆಗೆದ 8,000 ಸರಳುಗಳನ್ನು ಡಬ್ಬಿಯಲ್ಲಿ ಮುಚ್ಚಿ ಐಎಇಎ ಕಣ್ಗಾವಲಿನಲ್ಲಿ ಇಡುವುದು. ಪಡೆಯಬೇಕಾದ್ದು: ತಲಾ 1,000 ಮೆಗಾವಾಟ್‌ನ ಎರಡು ಹಗುರ ಜಲ ರಿಯಾಕ್ಟರು (ಸಾದಾ ನೀರು ಬಳಸುವ, ಬಾಂಬಿಗೆ ಪ್ಲುಟೋನಿಯಂ ತೆಗೆಯಲು ಕಷ್ಟವಾದ ಬಗೆ), ಅವು ಬರುವವರೆಗೆ ವರ್ಷಕ್ಕೆ 5 ಲಕ್ಷ ಟನ್ ಉರುವಲು ಎಣ್ಣೆ. ಆ ಎರಡು ದೊಡ್ಡ ರಿಯಾಕ್ಟರುಗಳು ತುಕ್ಕು ಹಿಡಿದು ಹೋದವು, ಮತ್ತೆ ಏಳಲೇ ಇಲ್ಲ. ಅವು ಓಡಿದ್ದರೆ ವರ್ಷಕ್ಕೆ ಹತ್ತಾರು ಬಾಂಬಿಗಾಗುವಷ್ಟು ಪ್ಲುಟೋನಿಯಂ ಬರುತ್ತಿತ್ತು. ಇಷ್ಟು ದೊಡ್ಡ ಲಾಭವನ್ನು ಟೀಕಾಕಾರರು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕೆಟ್ಟದ್ದು ಎರಡೂ ಕಡೆಯಿಂದ. ಎಣ್ಣೆಗೆ ಹಣ ಕೊಡಲು ಅಮೆರಿಕದ ಸಂಸತ್ತು ಗೊಣಗುತ್ತಲೇ ಇತ್ತು, ಹಡಗುಗಳು ತಡವಾಗಿ ಬಂದವು. 2003ಕ್ಕೆ ಮುಗಿಸುವ ಗುರಿಯಿದ್ದ ರಿಯಾಕ್ಟರಿಗೆ ಮೊದಲ ಕಾಂಕ್ರೀಟ್ ಬಿದ್ದದ್ದೇ 2002ರ ಆಗಸ್ಟಿನಲ್ಲಿ. ಅತ್ತ ಪ್ಯೊಂಗ್ಯಾಂಗ್ ಪಾಕಿಸ್ತಾನದ ಅಣುವಿಜ್ಞಾನಿ ಎ. ಕ್ಯೂ. ಖಾನ್ ನಡೆಸುತ್ತಿದ್ದ ಕಳ್ಳಜಾಲದಿಂದ ಸೆಂಟ್ರಿಫ್ಯೂಜ್ ತಂದು ಎರಡನೆಯ ದಾರಿಯನ್ನು ಗುಟ್ಟಾಗಿ ತೆರೆದಿತ್ತು. 2002ರ ಅಕ್ಟೋಬರಿನಲ್ಲಿ ಅಮೆರಿಕ ಅದನ್ನು ಎತ್ತಿದಾಗ ಎಲ್ಲ ಮುರಿಯಿತು. ಎಣ್ಣೆ ನಿಂತಿತು, ತಪಾಸಕರನ್ನು ಹೊರಹಾಕಿದರು, ಡಬ್ಬಿಯಲ್ಲಿದ್ದ 8,000 ಸರಳು ಪ್ಲುಟೋನಿಯಂ ಆಯಿತು. ಯುರೇನಿಯಂ ಮೋಸಕ್ಕೆ ಸಿಟ್ಟಾಗಿ ಪ್ಲುಟೋನಿಯಂ ಬೀಗವನ್ನೂ ಕಳೆದುಕೊಂಡದ್ದು ಅಮೆರಿಕದ ದೊಡ್ಡ ಎಡವಟ್ಟು ಅಂತ ನನಗನಿಸುತ್ತದೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ. ನಾಲ್ಕು ವರ್ಷದಲ್ಲಿ, 2006ರ ಅಕ್ಟೋಬರ್ 9ರಂದು, ಮೊದಲ ಬಾಂಬ್ ಪರೀಕ್ಷೆ.

ಈ ನಡುವೆ 2003ರಲ್ಲಿ ಶುರುವಾಗಿದ್ದ ಆರು ರಾಷ್ಟ್ರಗಳ (ಎರಡೂ ಕೊರಿಯಾ, ಅಮೆರಿಕ, ಚೀನಾ, ಜಪಾನ್, ರಷ್ಯಾ) ಮಾತುಕತೆಯಲ್ಲಿ ಗಮನಿಸಬೇಕಾದ್ದು ಬ್ಯಾಂಕಿನ ಪ್ರಸಂಗ. 2005ರ ಸೆಪ್ಟೆಂಬರಿನಲ್ಲಿ ಎಲ್ಲರೂ ಅಣ್ವಸ್ತ್ರ ಬಿಡುವ ಜಂಟಿ ಹೇಳಿಕೆಗೆ ಒಪ್ಪಿದ ಹೊತ್ತಿಗೇ ಮಕಾವಿನ ಬ್ಯಾಂಕೋ ಡೆಲ್ಟಾ ಏಷ್ಯಾದ ಮೇಲೆ ಅಮೆರಿಕದ ಖಜಾನೆ ಇಲಾಖೆಯ ಕಣ್ಣು ಬಿದ್ದು, ಉತ್ತರ ಕೊರಿಯಾದ 2.5 ಕೋಟಿ ಡಾಲರ್ ಅಲ್ಲಿ ಸಿಕ್ಕಿಬಿತ್ತು. 2007ರಲ್ಲಿ ಹಣ ಬಿಡಲು ಅಮೆರಿಕವೇ ಒಪ್ಪಿದರೂ ಅದನ್ನು ಮುಟ್ಟಲು ಜಗತ್ತಿನ ಯಾವ ಬ್ಯಾಂಕೂ ತಯಾರಿರಲಿಲ್ಲ. ಕೊನೆಗೆ ನ್ಯೂಯಾರ್ಕಿನ ಫೆಡರಲ್ ರಿಸರ್ವ್, ರಷ್ಯಾದ ಕೇಂದ್ರ ಬ್ಯಾಂಕ್ ಎಂದು ಸುತ್ತಿಸಿ ರಷ್ಯಾದ ದೂರಪ್ರಾಚ್ಯದ ಒಂದು ಸಣ್ಣ ಬ್ಯಾಂಕಿಗೆ ತಲುಪಿಸಬೇಕಾಯಿತು. ನಿರ್ಬಂಧ ಹಾಕಲು ಒಂದು ಸಹಿ ಸಾಕು, ತೆಗೆಯಲು ಸಹಿಯೊಂದೇ ಸಾಲದು ಎಂದು ಅವತ್ತು ಪ್ಯೊಂಗ್ಯಾಂಗ್‌ಗೆ ಅರ್ಥವಾಯಿತು.

2008ರ ಜೂನ್ 27ರಂದು ಯೊಂಗ್‌ಬ್ಯೊನ್‌ನ ಕೂಲಿಂಗ್ ಟವರ್ ಉರುಳಿಸಿದ ದೃಶ್ಯವನ್ನು ನೀವು ಟಿವಿಯಲ್ಲಿ ನೋಡಿರಬಹುದು. ನೋಡಲು ಭರ್ಜರಿ, ಪ್ರಯೋಜನ ಕಡಿಮೆ. 2013ರಲ್ಲಿ ರಿಯಾಕ್ಟರ್ ಮತ್ತೆ ಶುರುವಾದಾಗ ಟವರನ್ನು ಕಟ್ಟಲೇ ಇಲ್ಲ, ಪಕ್ಕದ ನದಿಯಿಂದ ಪಂಪಿನಲ್ಲಿ ನೀರು ಎಳೆದುಕೊಂಡರು. ಟವರಿಗಿಂತ ಮುಖ್ಯವಾದ ಕೆಲಸ ಒಳಗಿನದು: ಕೂಲಿಂಗ್ ಪೈಪುಗಳನ್ನು ಕತ್ತರಿಸುವುದು, ರಿಯಾಕ್ಟರಿಗೆ ಹೊಸದಾಗಿ ತುಂಬಿದ್ದ 8,000 ಸರಳುಗಳನ್ನು ಒಂದೊಂದಾಗಿ ಹೊರತೆಗೆಯುವುದು. ಮೊದಲು ದಿನಕ್ಕೆ 80 ತೆಗೆಯುತ್ತಿದ್ದರು. ಎಣ್ಣೆ ತಡವಾದಾಗ 15ಕ್ಕೆ ಇಳಿಸಿದರು. ಅವರ ಕೈಯಲ್ಲಿದ್ದ ನಲ್ಲಿ ಅದು, ಬೇಕಾದಷ್ಟೇ ತಿರುಗಿಸುತ್ತಿದ್ದರು. ಆದರೆ ಎಲ್ಲ ನಿಂತದ್ದು ಮತ್ತೆ ಹತ್ತಿಬಟ್ಟೆಯ ಬಳಿಯೇ. ರಿಯಾಕ್ಟರಿನ 18,000ಕ್ಕೂ ಹೆಚ್ಚು ಪುಟದ ದಾಖಲೆ ಕೊಟ್ಟವರು, ಮಾದರಿ ಒಯ್ಯಲು ಬಿಡುತ್ತೇವೆ ಎಂದು ಕಾಗದದಲ್ಲಿ ಬರೆದುಕೊಡಲು ಒಪ್ಪಲಿಲ್ಲ. 1992ರಲ್ಲಿ ಆದ ಅವಮಾನ ಅವರಿಗೆ ನೆನಪಿತ್ತು.

2010ರ ನವೆಂಬರಿನಲ್ಲಿ ಅಮೆರಿಕದ ವಿಜ್ಞಾನಿ ಸೀಗ್‌ಫ್ರೀಡ್ ಹೆಕರ್ ಅವರನ್ನು ಕರೆದು 2,000 ಸೆಂಟ್ರಿಫ್ಯೂಜ್‌ಗಳ ಹೊಸ ಸ್ಥಾವರವನ್ನು ಯೊಂಗ್‌ಬ್ಯೊನ್‌ನಲ್ಲೇ ತೋರಿಸಿದರು. ಬಾಂಬಿಗೆ ತಕ್ಕಂತೆ ಜೋಡಿಸಿದರೆ ವರ್ಷಕ್ಕೆ 40 ಕಿಲೋವರೆಗೆ ಹೆಚ್ಚು ಸಂವರ್ಧಿತ ಯುರೇನಿಯಂ ಕೊಡುವಂಥದ್ದು. ಅಲ್ಲಿಂದ ಯೊಂಗ್‌ಬ್ಯೊನ್ ಮುಚ್ಚಿಸಿದರೆ ಸಾಕು ಎಂಬ ಲೆಕ್ಕ ತಲೆಕೆಳಗಾಯಿತು; ಇಂಥದ್ದನ್ನು ಬೇರೆಡೆಯೂ ಬಚ್ಚಿಟ್ಟಿರಬಹುದಲ್ಲ.

2019ರಲ್ಲಿ ಹನೋಯ್‌ನಲ್ಲಿ ನಡೆದ ಟ್ರಂಪ್-ಕಿಮ್ ಶೃಂಗಸಭೆ ಮುರಿದದ್ದೂ ಇದೇ ಕಾರಣಕ್ಕೆ. ಕಿಮ್ ಕೊಟ್ಟದ್ದು ಯೊಂಗ್‌ಬ್ಯೊನ್. ಕೇಳಿದ್ದು ಭದ್ರತಾ ಮಂಡಳಿಯ 11 ನಿರ್ಬಂಧ ನಿರ್ಣಯಗಳಲ್ಲಿ 5 ತೆಗೆಯಿರಿ ಎಂದು. ಐದೇ ಅಲ್ಲವೇ ಅನ್ನಬೇಡಿ. ಅವು 2016-17ರವು. ಕಲ್ಲಿದ್ದಲು, ಕಬ್ಬಿಣದ ಅದಿರು, ಜವಳಿ, ಮೀನು ರಫ್ತಿಗೆ ತಡೆ, ವರ್ಷಕ್ಕೆ 5 ಲಕ್ಷ ಬ್ಯಾರೆಲ್ ಮಾತ್ರ ಸಂಸ್ಕರಿತ ಎಣ್ಣೆ ಎಂಬ ಮಿತಿ ಎಲ್ಲ ಇರುವುದು ಅವುಗಳಲ್ಲೇ. ಬಿಗಿಹಿಡಿದದ್ದೇ ಆ ಐದು. ಟ್ರಂಪ್ ಯೊಂಗ್‌ಬ್ಯೊನ್ ಹೊರಗಿನ ಸಂವರ್ಧನಾ ಸ್ಥಾವರಗಳೂ ಬೇಕೆಂದರು, ಇವರು ಒಪ್ಪಲಿಲ್ಲ. ಯೊಂಗ್‌ಬ್ಯೊನ್‌ಗೆ ಬದಲಾಗಿ ಜವಳಿ ಮತ್ತು ಮೀನು, ಇಷ್ಟರ ಮಟ್ಟಿನ ಸಣ್ಣ ವ್ಯಾಪಾರ ಅವತ್ತು ಕುದುರಬಹುದಿತ್ತು. ಆದರೆ ಅಧಿಕಾರಿಗಳು ತಿಂಗಳುಗಟ್ಟಲೆ ಕೂತು ಮಾಡಬೇಕಾದ ಲೆಕ್ಕವನ್ನು ಇಬ್ಬರು ನಾಯಕರು ಎರಡು ದಿನದಲ್ಲಿ ಮಾಡಲು ಹೋದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಮೊದಲು ನಿಮ್ಮ ಸ್ಥಾವರಗಳ ಪಟ್ಟಿ ಕೊಡಿ" ಎಂಬ ಬೇಡಿಕೆ ಯಾಕೆ ಪ್ರತಿಸಲ ಮುಗ್ಗರಿಸುತ್ತದೆ ಎಂದು ಕೇಳುವವರಿಗೆ: ಶಾಂತಿ ಒಪ್ಪಂದವೇ ಆಗದ ಶತ್ರುವಿಗೆ ಆ ಪಟ್ಟಿ ಕೊಟ್ಟರೆ ಅದು ಬಾಂಬು ಹಾಕಬೇಕಾದ ಜಾಗಗಳ ಪಟ್ಟಿ. ಕೊರಿಯಾ ಯುದ್ಧ ಕಾನೂನಿನ ಪ್ರಕಾರ ಇನ್ನೂ ಮುಗಿದಿಲ್ಲ. 1953ರ ಕದನವಿರಾಮದ ನಂತರ ಯುದ್ಧಕೈದಿಗಳ ವಿಲೇವಾರಿಗೆಂದು ಮಾಡಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಅವರು ಆ ಕೆಲಸ ಮುಗಿಸಿ ಬಂದು ಎಪ್ಪತ್ತು ವರ್ಷ ದಾಟಿದರೂ ಅದೇ ಕದನವಿರಾಮದ ಕಾಗದವೇ ಇವತ್ತಿಗೂ ಆಧಾರ.

ಇನ್ನು ಬೇರೆ ದೇಶಗಳು ಬಿಟ್ಟಿಲ್ಲವೇ ಎಂಬ ಮಾತು. ದಕ್ಷಿಣ ಆಫ್ರಿಕಾ ಬಿಟ್ಟಿತು, ಆರು ಬಾಂಬು ತಯಾರಿದ್ದವು. ಆದರೆ ಅಲ್ಲಿ ಯಾರೂ ಮಾತುಕತೆಯಲ್ಲಿ ಬಿಡಿಸಲಿಲ್ಲ. ಅಂಗೋಲಾದಿಂದ ಕ್ಯೂಬಾದ ಸೈನ್ಯ ಹೊರಟಿತ್ತು, ಶೀತಲ ಸಮರ ಮುಗಿದಿತ್ತು, ಭಯವೇ ಇಲ್ಲದ ಮೇಲೆ ತಾವೇ ಬಿಚ್ಚಿಹಾಕಿ 1993ರಲ್ಲಿ ಜಗತ್ತಿಗೆ ಹೇಳಿದರು. ಲಿಬಿಯಾ 2003ರಲ್ಲಿ ಸೆಂಟ್ರಿಫ್ಯೂಜ್ ಸಾಮಾನುಗಳನ್ನು ಅಮೆರಿಕಕ್ಕೆ ಒಪ್ಪಿಸಿತು; 2011ರಲ್ಲಿ ಗಡಾಫಿ ಏನಾದರು ಎಂಬುದು ಎಲ್ಲರಿಗೂ ಗೊತ್ತು. ಉಕ್ರೇನ್ 1994ರಲ್ಲಿ ಗಡಿಯ ಭರವಸೆ ಪಡೆದು ಸೋವಿಯತ್ ಸಿಡಿತಲೆಗಳನ್ನು ರಷ್ಯಾಕ್ಕೆ ಕಳಿಸಿತು. ಬಾಂಬಿಲ್ಲದ ಇರಾನಿನ ಮೇಲೆ 2025ರ ಜೂನಿನಲ್ಲಿ ಬಾಂಬು ಬಿತ್ತು. ಕಿಮ್ ಇರುವ ಜಾಗದಲ್ಲಿ ಕೂತು ಈ ಪಟ್ಟಿ ಓದಿದರೆ ಯಾರಾದರೂ ಅದೇ ಪಾಠ ಕಲಿಯುತ್ತಾರೆ.

ಒತ್ತಡದ ಆಯುಧವೂ ಈಗ ಮೊಂಡಾಗಿದೆ. ನಿರ್ಬಂಧಗಳ ಮೇಲೆ ಕಣ್ಣಿಟ್ಟಿದ್ದ ವಿಶ್ವಸಂಸ್ಥೆಯ ತಜ್ಞರ ಸಮಿತಿಯನ್ನು 2024ರ ಮಾರ್ಚಿನಲ್ಲಿ ರಷ್ಯಾ ವಿಟೋ ಹಾಕಿ ಮುಚ್ಚಿಸಿತು. ಜೂನಿನಲ್ಲಿ ಎರಡೂ ದೇಶ ಪರಸ್ಪರ ರಕ್ಷಣೆಯ ಒಪ್ಪಂದ ಮಾಡಿಕೊಂಡವು, ವರ್ಷ ಮುಗಿಯುವುದರೊಳಗೆ ಉತ್ತರ ಕೊರಿಯಾದ ಸೈನಿಕರು ಉಕ್ರೇನ್ ವಿರುದ್ಧ ಹೋರಾಡಲು ರಷ್ಯಾದ ಕುರ್ಸ್ಕ್‌ನಲ್ಲಿದ್ದರು. ಹಣದ ಲೆಕ್ಕ ನೋಡಿ: 2005ರಲ್ಲಿ 2.5 ಕೋಟಿ ಡಾಲರಿಗಾಗಿ ಮಾತುಕತೆಯಿಂದ ಎದ್ದುಹೋದವರು 2025ರ ಫೆಬ್ರುವರಿಯಲ್ಲಿ ಬೈಬಿಟ್ ಎಂಬ ಕ್ರಿಪ್ಟೊ ವಿನಿಮಯ ಕೇಂದ್ರದಿಂದ ಒಂದೇ ಏಟಿಗೆ ಸುಮಾರು 150 ಕೋಟಿ ಡಾಲರ್ ಕದ್ದರು ಎಂದು ಎಫ್‌ಬಿಐ ಹೇಳುತ್ತದೆ. ಅರವತ್ತು ಪಟ್ಟು! ಶಸ್ತ್ರಾಸ್ತ್ರಗಳ ಲೆಕ್ಕ ಇಡುವ ಸ್ವೀಡನ್ನಿನ ಸಿಪ್ರಿ ಸಂಸ್ಥೆಯ 2025ರ ಅಂದಾಜಿನಲ್ಲಿ ಅವರ ಬಳಿ ಸುಮಾರು 50 ಸಿಡಿತಲೆ, ಇನ್ನು 40ರವರೆಗೆ ಆಗುವಷ್ಟು ಸರಕು. ಅಣ್ವಸ್ತ್ರ ಸ್ಥಾನಮಾನ ಬದಲಾಗದು ಎಂದು 2022ರಲ್ಲಿ ಕಾನೂನನ್ನೇ ಮಾಡಿಕೊಂಡಿದ್ದಾರೆ. 2025ರ ಸೆಪ್ಟೆಂಬರಿನಲ್ಲಿ ಕಿಮ್ ಹೇಳಿದ್ದು ಸ್ಪಷ್ಟ: ನಿರಸ್ತ್ರೀಕರಣದ ಹಟ ಬಿಟ್ಟರೆ ಅಮೆರಿಕದ ಜೊತೆ ಕೂರಲು ಅಡ್ಡಿಯಿಲ್ಲ.

ಹಾಗಾದರೆ ಕೂತು ಮಾಡುವುದೇನು? ನನ್ನ ಪ್ರಕಾರ ಬಾಂಬು ಮತ್ತು ಕ್ಷಿಪಣಿ ಪರೀಕ್ಷೆಗಳ ನಿಷೇಧದಿಂದ ಶುರು ಮಾಡಬೇಕು. ಭೂಕಂಪಮಾಪಕಗಳೂ ರಾಡಾರುಗಳೂ ದೂರದಿಂದಲೇ ಹಿಡಿಯುತ್ತವೆ, ಒಳಗೆ ಯಾರೂ ಹೋಗಬೇಕಿಲ್ಲ. ಆಮೇಲೆ 5 ಮೆಗಾವಾಟ್ ರಿಯಾಕ್ಟರ್. ಅದರ ಗ್ರಾಫೈಟ್‌ನಲ್ಲಿರುವ ಬೋರಾನ್‌ನಂಥ ಕಶ್ಮಲಗಳ ಐಸೊಟೋಪ್ ಅಳೆದರೆ ಹುಟ್ಟಿದಾಗಿನಿಂದ ಎಷ್ಟು ಪ್ಲುಟೋನಿಯಂ ಮಾಡಿದೆ ಎಂದು ಲೆಕ್ಕ ಹಾಕಬಹುದು, ಆದ್ದರಿಂದ ಅದನ್ನು ಕೆಡವಲು ಬಿಡದೆ ಹಾಗೇ ಮೊಹರು ಮಾಡಬೇಕು. ಮೂರನೆಯದು ಸಂವರ್ಧನಾ ಸ್ಥಾವರ, ಕಠಿಣವಾದದ್ದು. ಒಳಹೋಗುವ, ಹೊರಬರುವ, ಉಳಿಯುವ ಯುರೇನಿಯಂ ಅನಿಲದ ಸಿಲಿಂಡರುಗಳನ್ನು ತೂಗಿ ತಾಳೆ ನೋಡಬೇಕು. ಅದಕ್ಕೆ ಕ್ಯಾಮೆರಾ, ಮೊಹರು, ಜೊತೆಗೆ ಹೇಳದೆ ಬರುವ ತಪಾಸಕರು ಬೇಕು. ಸಿಡಿತಲೆಗಳ ಪಟ್ಟಿಯನ್ನು ಇದೆಲ್ಲ ನಡೆದು ಕೆಲವು ವರ್ಷ ಕಳೆದ ಮೇಲೆ ಕೇಳಬೇಕು, ಮೊದಲೇ ಅಲ್ಲ.

ಬದಲಿಗೆ ಕೊಡುವುದರಲ್ಲಿ ತೊಡಕಿದೆ. ಒಮ್ಮೆ ಭದ್ರತಾ ಮಂಡಳಿ ನಿರ್ಬಂಧ ತೆಗೆದರೆ, ಉತ್ತರ ಕೊರಿಯಾ ಮಾತು ತಪ್ಪಿದರೂ ರಷ್ಯಾ ಅಥವಾ ಚೀನಾ ವಿಟೋ ಹಾಕಿ ಮರಳಿ ಹೇರದಂತೆ ತಡೆಯಬಹುದು. ಅಮೆರಿಕ ಕೈ ಬಿಗಿಹಿಡಿಯುವುದು ಅದಕ್ಕೇ. ಇರಾನ್ ಒಪ್ಪಂದದಲ್ಲಿ ವಿಟೋ ನಡೆಯದ ಹಾಗೆ ನಿರ್ಬಂಧ ತಾನಾಗಿ ಮರಳುವ ಏರ್ಪಾಡಿತ್ತು, 2025ರ ಸೆಪ್ಟೆಂಬರಿನಲ್ಲಿ ಅದು ಬಳಕೆಯೂ ಆಯಿತು. ಅದನ್ನು ನೋಡಿದ ಪ್ಯೊಂಗ್ಯಾಂಗ್ ಅಂಥ ಷರತ್ತಿಗೆ ಒಪ್ಪಲಾರದು. ಹಾಗಾಗಿ ನಿರ್ಬಂಧವನ್ನು ತೆಗೆಯದೆ ಆರಾರು ತಿಂಗಳಿಗೆ ಅಮಾನತಿನಲ್ಲಿಡುವುದು, ಜವಳಿಯಿಂದ ಶುರುಮಾಡಿ ಎಣ್ಣೆ ಮಿತಿ ಸಡಿಲಿಸುವುದು, ಹಣ ಹೋಗುವ ಬ್ಯಾಂಕನ್ನು ಮೊದಲೇ ಹೆಸರಿಸಿ ಅಮೆರಿಕದ ಖಜಾನೆಯಿಂದ ಲಿಖಿತ ಅಭಯ ಕೊಡಿಸುವುದು, ಇಷ್ಟೇ ಉಳಿದ ದಾರಿ.

ಮುಂದಿನ ಸಲ ಕೈಕುಲುಕಿದ ಫೋಟೋ ಬಂದಾಗ ಜಂಟಿ ಹೇಳಿಕೆಯನ್ನು ತೆಗೆದು ಓದಿ. "ಕೊರಿಯಾ ಪರ್ಯಾಯದ್ವೀಪದ ನಿರಸ್ತ್ರೀಕರಣ" ಎಂದಷ್ಟೇ ಇದ್ದರೆ ಉತ್ತರ ಕೊರಿಯಾ ಅದನ್ನು ದಕ್ಷಿಣದ ಮೇಲಿರುವ ಅಮೆರಿಕದ ಅಣ್ವಸ್ತ್ರ ಛತ್ರಿಯೂ (ದಾಳಿಯಾದರೆ ತನ್ನ ಅಣ್ವಸ್ತ್ರದಿಂದ ಕಾಯುವ ಭರವಸೆ) ಹೋಗಬೇಕು ಎಂದು ಓದುತ್ತದೆ, 2018ರ ಡಿಸೆಂಬರಿನಲ್ಲಿ ಹಾಗೆಂದು ಬಾಯಿಬಿಟ್ಟು ಹೇಳಿಯೂ ಇದೆ. ಸಂವರ್ಧನೆ ಎಂಬ ಪದ ಇದೆಯೇ, ಮಾದರಿ ಸಂಗ್ರಹಕ್ಕೆ ಬರಹದಲ್ಲಿ ಒಪ್ಪಿಗೆ ಇದೆಯೇ ನೋಡಿ.