ಓದುಗರ ಪ್ರಶ್ನೆಗಳಿಗೆ ಉತ್ತರ: ಫು ಕ್ವೊಕ್ ದ್ವೀಪದ ಮೀನಿನ ರಸ, ಕಾಳುಮೆಣಸು ಮತ್ತು ಇತರ ವಿಶೇಷಗಳು

ಪ್ರಶ್ನೆ: ಸಂಬಂಧಿಕರೊಬ್ಬರು ವಿಯೆಟ್ನಾಮಿನ ಫು ಕ್ವೊಕ್ ದ್ವೀಪದಿಂದ ನಮಗೆ ಮೀನಿನ ರಸದ ಬಾಟಲಿಯೊಂದನ್ನು ತಂದುಕೊಟ್ಟಿದ್ದಾರೆ. ಅದರ ಮೇಲೆ 40 ಎಂಬ ಅಂಕಿಯೂ ‘ಎನ್’ ಎಂಬ ಅಕ್ಷರವೂ ಇವೆ. ಇದು ಮದ್ಯಸಾರದ ಪ್ರಮಾಣವೇ? ಈ ದ್ವೀಪದ ರಸಕ್ಕೆ ಅಷ್ಟೊಂದು ಹೆಸರು ಏಕೆ?
– ಓದುಗರೊಬ್ಬರು, ಮಂಗಳೂರು

ಉತ್ತರ: ಮದ್ಯಸಾರಕ್ಕೂ ಈ ಅಂಕಿಗೂ ಸಂಬಂಧವಿಲ್ಲ. ಒಂದು ಲೀಟರ್ ರಸದಲ್ಲಿ ಎಷ್ಟು ಗ್ರಾಂ ಸಾರಜನಕವಿದೆ ಎಂಬುದನ್ನು ಅದು ತಿಳಿಸುತ್ತದೆ. ಉಪ್ಪಿನಲ್ಲಿ ತಿಂಗಳುಗಟ್ಟಲೆ ನೆನೆದ ಮೀನಿನ ಪ್ರೋಟೀನು, ಮೀನಿನ ಹೊಟ್ಟೆಯಲ್ಲೇ ಇರುವ ಕಿಣ್ವಗಳಿಂದ ಒಡೆದು ಸಾರಜನಕವುಳ್ಳ ಅಮೈನೋ ಆಮ್ಲಗಳಾಗುತ್ತದೆ. ಅದೇ ರಸದ ರುಚಿಯ ಮೂಲವಾದ್ದರಿಂದ, ಸಾರಜನಕದ ಅಳತೆಯೇ ಗುಣಮಟ್ಟದ ಅಳತೆಯೂ ಆಗಿದೆ. ಬರೀ ಮೀನು ಮತ್ತು ಉಪ್ಪಿನಿಂದ 40ನ್ನು ಮೀರುವುದು ಸುಲಭವಲ್ಲ. ಆದ್ದರಿಂದ ನಿಮ್ಮ ಕೈಗೆ ಬಂದಿರುವುದು ಮೇಲ್ದರ್ಜೆಯ ರಸವೆಂದೇ ತಿಳಿಯಿರಿ.

ವಿಯೆಟ್ನಾಮಿನವರು ನುವೊಕ್ ಮಾಮ್ ಎನ್ನುವ ಈ ರಸವನ್ನು ಆ ದೇಶದ ಕರಾವಳಿಯುದ್ದಕ್ಕೂ ಮಾಡುತ್ತಾರೆ. ಫು ಕ್ವೊಕ್‌ನ ರಸ ಬೇರೆಯಾಗುವುದು ದೋಣಿಯಿಂದಲೇ. ಥಾಯ್ಲೆಂಡ್ ಕೊಲ್ಲಿಯಲ್ಲಿ ಹಿಡಿದ ಕಾ ಕೋಮ್ ಎಂಬ ಸಣ್ಣ ಮೀನನ್ನು, ಅಂದರೆ ನಮ್ಮ ಕರಾವಳಿಯವರು ಕೊಲ್ಲತರು, ಬೊಲೆಂಜಿರ್ ಎಂದು ಕರೆಯುವ ಬಳಗದ ಮೀನನ್ನು, ದಡಕ್ಕೆ ತರುವವರೆಗೂ ಕಾಯದೆ ಸಮುದ್ರದಲ್ಲೇ, ಸುಮಾರು ಮೂರು ಪಾಲಿಗೆ ಒಂದು ಪಾಲು ಉಪ್ಪಿನಂತೆ ಬೆರೆಸಿಬಿಡುತ್ತಾರೆ. ಮೀನಿನ ನೆತ್ತರು ಇನ್ನೂ ಹಸಿಯಾಗಿರುವಾಗಲೇ ಉಪ್ಪು ಬೀಳುವುದರಿಂದ ರಸಕ್ಕೆ ಕೆಂಗಂದು ಬಣ್ಣ ಬರುತ್ತದೆ. ಮೀನು ಕೊಳೆಯಲು ಅವಕಾಶವಿಲ್ಲದ ಕಾರಣ ವಾಸನೆಯೂ ಹದದಲ್ಲಿರುತ್ತದೆ. ಬಳಿಕ ಅದನ್ನು, ಬೆತ್ತದ ಹಗ್ಗದಿಂದ ಬಿಗಿದ, ಹತ್ತು ಟನ್ನಿಗೂ ಹೆಚ್ಚು ಮೀನು ಹಿಡಿಸುವ ಮರದ ಪೀಪಾಯಿಗಳಲ್ಲಿ ತುಂಬಿ, ಮೇಲೆ ಭಾರವಿಟ್ಟು, ಒಂದು ವರ್ಷ ಅಥವಾ ಇನ್ನೂ ಕೆಲವು ತಿಂಗಳು ಬಿಡುತ್ತಾರೆ. ತಳದ ತೂಬಿನಿಂದ ಇಳಿದ ರಸವನ್ನು ಮತ್ತೆ ಮೇಲಿನಿಂದ ಸುರಿದು ಹದಗೊಳಿಸುವುದೂ ಉಂಟು. ಮೊದಲು ಇಳಿದದ್ದು ಶ್ರೇಷ್ಠ. ಅದೇ ಮೀನಿನ ಮೇಲೆ ಉಪ್ಪುನೀರು ಹಾಯಿಸಿ ತೆಗೆದ ಎರಡನೆಯ, ಮೂರನೆಯ ರಸದಲ್ಲಿ ಅಂಕಿ ಇಳಿಯುತ್ತಾ ಹೋಗುತ್ತದೆ.

ವಿಯೆಟ್ನಾಂ ಸರ್ಕಾರ 2001ರಲ್ಲಿ ಈ ಹೆಸರಿಗೆ ಮೂಲಸ್ಥಾನದ ರಕ್ಷಣೆ ನೀಡಿತು; 2012ರಲ್ಲಿ ಐರೋಪ್ಯ ಒಕ್ಕೂಟವೂ ಅದನ್ನು ಮಾನ್ಯ ಮಾಡಿತು. ಹೆಸರನ್ನು ಮಾತ್ರ ದ್ವೀಪದಿಂದ ಎರವಲು ಪಡೆದು, ರಸವನ್ನು ಬೇರೆಲ್ಲೋ ತಯಾರಿಸಿದ ಬಾಟಲಿಗಳು ವಿದೇಶದ ಅಂಗಡಿಗಳಲ್ಲಿ ಬಹುಕಾಲ ಮಾರಾಟವಾದ ಮೇಲೆ ಇಂತಹ ರಕ್ಷಣೆ ಅನಿವಾರ್ಯವಾಗಿತ್ತು. ಕೊಳ್ಳುವಾಗ ಘಟಕಾಂಶಗಳ ಪಟ್ಟಿಯನ್ನು ಓದಿ: ಮೀನು, ಉಪ್ಪು ಬಿಟ್ಟು ಸಕ್ಕರೆ, ಬಣ್ಣ, ರುಚಿವರ್ಧಕಗಳು ಸಾಲುಗಟ್ಟಿದ್ದರೆ ಅದು ಬೇರೆಯೇ ಪದಾರ್ಥ. ಇಷ್ಟು ಒಳ್ಳೆಯ ರಸವನ್ನು ಸಾರಿಗೆ ಸುರಿದು ಕುದಿಸುವುದು ದಂಡವೆಂಬುದು ನನ್ನ ಅಭಿಪ್ರಾಯ. ನಿಂಬೆರಸ, ಸಕ್ಕರೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಸ್ವಲ್ಪ ನೀರು ಸೇರಿಸಿ ಅದ್ದಿಕೊಂಡು ತಿನ್ನಿ. ತೆರೆದ ಬಾಟಲಿಯಲ್ಲಿ ಬಣ್ಣ ಕಪ್ಪಾಗುವುದು, ತಳದಲ್ಲಿ ಉಪ್ಪಿನ ಹರಳು ಕಟ್ಟುವುದು ಸಹಜ, ಕೆಟ್ಟಿತೆಂದು ಚೆಲ್ಲಬೇಡಿ.

ಪ್ರಶ್ನೆ: ಫು ಕ್ವೊಕ್‌ನ ಕಾಳುಮೆಣಸು ನಮ್ಮದಕ್ಕಿಂತ ಉತ್ತಮವೆಂದು ಕೇಳಿದ್ದೇನೆ. ಅಲ್ಲಿಗೆ ಹೋಗುವ ಮಗನಿಂದ ಬಳ್ಳಿಯ ತುಂಡುಗಳನ್ನು ತರಿಸಬಹುದೇ?
– ಕೃಷಿಕರೊಬ್ಬರು, ಶಿರಸಿ

ಉತ್ತರ: ತರಿಸಬೇಡಿ. ಸಸ್ಯ ಸಂಗರೋಧದ 2003ರ ಆದೇಶದ ಪ್ರಕಾರ ನಾಟಿ ಸಾಮಗ್ರಿಯನ್ನು ಪರವಾನಗಿ ಮತ್ತು ತಪಾಸಣೆಯಿಲ್ಲದೆ ದೇಶದೊಳಗೆ ತರುವಂತಿಲ್ಲ. ಸೊರಗು ರೋಗದಿಂದ ತೋಟ ಕಳೆದುಕೊಂಡವರನ್ನು ಕಂಡಿರುವ ನಿಮಗೆ, ಬಳ್ಳಿಯೊಂದಿಗೆ ರೋಗವೂ ಬರಬಹುದೆಂಬ ಈ ನಿಯಮದ ಕಾರಣವನ್ನು ವಿವರಿಸಬೇಕಾಗಿಲ್ಲ. ಕಾಳುಮೆಣಸಿನ ತವರು ನಿಮ್ಮ ಮನೆಯ ಹಿಂದಿನ ಘಟ್ಟವೇ ಹೊರತು ಆ ದ್ವೀಪವಲ್ಲ. ಅಲ್ಲಿಗೆ ಮೆಣಸಿನ ಕೃಷಿಯನ್ನು ಒಯ್ದವರು ಹೈನಾನ್ ಮೂಲದ ಚೀನೀಯರು. ಎದುರು ದಡದ ಕಾಂಬೋಡಿಯಾದ ಕಾಂಪೋಟ್ ಪ್ರದೇಶದ ಮೆಣಸಿಗೂ ಅವರ ನಂಟಿದೆ.

ವಿಯೆಟ್ನಾಂ ಇಂದು ಜಗತ್ತಿಗೆ ಅತಿ ಹೆಚ್ಚು ಕಾಳುಮೆಣಸನ್ನು ಮಾರುವ ದೇಶವಾದರೂ ಅದರ ಬಹುಪಾಲು ಬರುವುದು ಮುಖ್ಯಭೂಮಿಯ ದಾಕ್ ಲಾಕ್, ಜಿಯಾ ಲಾಯ್ ಮುಂತಾದ ಎತ್ತರದ ಸೀಮೆಗಳಿಂದ. ದ್ವೀಪದ ಪಾಲು ಅತ್ಯಲ್ಪ. ಪ್ರವಾಸೋದ್ಯಮದಿಂದ ಭೂಮಿಯ ಬೆಲೆ ಏರಿದ ಮೇಲೆ ತೋಟಗಳು ಇನ್ನಷ್ಟು ಕುಗ್ಗಿವೆ. ನಾವು ಅಡಿಕೆ ಮರಕ್ಕೆ ಬಳ್ಳಿ ಹಬ್ಬಿಸಿದರೆ ಅವರು ಸಾಂಪ್ರದಾಯಿಕವಾಗಿ ಸಾಲಾಗಿ ನೆಟ್ಟ ಮರದ ಕಂಬಗಳಿಗೆ ಹಬ್ಬಿಸುತ್ತಾರೆ. ತಳಿಗಿಂತ ಗಮನಿಸಬೇಕಾದದ್ದು ಅವರ ಕೊಯ್ಲು ಮತ್ತು ಮಾರಾಟ. ಹಣ್ಣಾದ ಕಾಳುಗಳನ್ನು ಬೇರೆಯಾಗಿಯೇ ಆರಿಸಿ ಒಣಗಿಸಿದ ಕೆಂಪು ಮೆಣಸು, ಸಿಪ್ಪೆ ಬಿಡಿಸಿದ ಬೋಳುಕಾಳು, ಸಾಮಾನ್ಯ ಕರಿಮೆಣಸು ಎಂದು ವಿಂಗಡಿಸಿ, ತೋಟ ನೋಡಲು ಬಂದ ಪ್ರವಾಸಿಗರಿಗೆ ಸಣ್ಣ ಪೊಟ್ಟಣಗಳಲ್ಲಿ ನೇರವಾಗಿ ಮಾರುತ್ತಾರೆ. ಮಗನಿಗೆ ಖು ತುವೊಂಗ್ ಪ್ರದೇಶದ ತೋಟಗಳನ್ನು ನೋಡಿ ಬರಲು ಹೇಳಿ. ಬಳ್ಳಿಗಿಂತ ಆ ತಿಳಿವಳಿಕೆ ಹೆಚ್ಚು ಉಪಯೋಗಕ್ಕೆ ಬಂದೀತು.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಆ ದ್ವೀಪದಲ್ಲಿ ನಮಗೆ ತಿನ್ನಲು ಏನು ಸಿಗುತ್ತದೆ? ಅಲ್ಲಿಂದ ಏನು ತರಬಹುದು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಹೆಸರಾಂತ ತಿನಿಸುಗಳಾದ ಹಾಮ್ ನಿನ್ ಗ್ರಾಮದ ಏಡಿಯಾಗಲಿ, ಬೂತಾಯಿಯ ಬಳಗದ ಹಸಿಮೀನನ್ನು ನಿಂಬೆರಸದಲ್ಲಿ ನೆನೆಸಿ ತೆಂಗಿನತುರಿಯೊಂದಿಗೆ ಅಕ್ಕಿಹಾಳೆಯಲ್ಲಿ ಸುತ್ತಿ ತಿನ್ನುವ ಗೊಯ್ ಕಾ ತ್ರಿಕ್ ಆಗಲಿ ನಿಮಗೆ ಸಲ್ಲವು. ತರಕಾರಿ ಪಲ್ಯವೆಂದು ಕೊಟ್ಟದ್ದರಲ್ಲೂ ಮೀನಿನ ರಸ ಬಿದ್ದಿರುವ ಸಂಭವ ಹೆಚ್ಚು. ‘ಮಾಂಸ ಬೇಡ’ ಎಂದರೆ ಸಾಲದು, ‘ಚಾಯ್’ ಎಂದು ಕೇಳಿ. ಬೌದ್ಧ ಸಂಪ್ರದಾಯದ ಸಸ್ಯಾಹಾರಕ್ಕೆ ಅಲ್ಲಿ ಆ ಹೆಸರಿದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಅನೇಕರು ಚಾಯ್ ಊಟವನ್ನೇ ಮಾಡುವುದರಿಂದ ಆಗ ಹುಡುಕಾಟ ಸುಲಭ. ಮಳೆ ಆರಂಭವಾದಾಗ ಹೋದರೆ ತ್ರಾಮ್ ಮರಗಳ ಕಾಡಿನಲ್ಲಿ ಏಳುವ, ಸ್ವಲ್ಪ ಕಹಿಯಾದ ಅಣಬೆಯನ್ನು ಕೇಳಿ ನೋಡಿ. ಅದರ ಸಾರಿಗೂ ಸೀಗಡಿ ಹಾಕುವ ರೂಢಿಯಿರುವುದರಿಂದ ಮೊದಲೇ ತಿಳಿಸಬೇಕು.

ತರುವುದಕ್ಕೆ ಕಾಳುಮೆಣಸು ನಿರಾಯಾಸ. ಸಿಮ್ ಎಂಬ ನೇರಳೆ ಬಣ್ಣದ ಕಾಡುಹಣ್ಣಿನ ವೈನೂ ಮದ್ಯವಿಲ್ಲದ ಪಾನಕವೂ ದೊರೆಯುತ್ತವೆ. ಇದೇ ಗಿಡ ನೀಲಗಿರಿಯಲ್ಲೂ ಬೆಳೆಯುತ್ತದೆ. ಮುತ್ತುಗಳನ್ನು ಸಾಕಣೆ ಕೇಂದ್ರದಲ್ಲಿ ಪ್ರಮಾಣಪತ್ರದೊಂದಿಗೆ ಕೊಳ್ಳಿ, ರಾತ್ರಿ ಸಂತೆಯ ಅಗ್ಗದ ಸರಗಳನ್ನು ನಂಬಬೇಡಿ. ಒಣಗಿಸಿದ ಕಡಲ್ಗುದುರೆ, ಅಥವಾ ಅದನ್ನು ಮುಳುಗಿಸಿಟ್ಟ ಮದ್ಯ ಕಣ್ಣಿಗೆ ಬಿದ್ದರೆ ಮುಟ್ಟಲೇಬೇಡಿ: ಅದರ ವ್ಯಾಪಾರ ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ಒಳಪಟ್ಟಿದೆ, ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಕಡಲ್ಗುದುರೆಗೆ ಮೊದಲ ಅನುಸೂಚಿಯ ರಕ್ಷಣೆ ಕೊಟ್ಟಿದೆ. ಮಾಂಸಾಹಾರಿ ನೆಂಟರಿಗಾಗಿ ಮೀನಿನ ರಸ ತರುವುದಿದ್ದರೆ ನಿಮ್ಮ ವಿಮಾನ ಸಂಸ್ಥೆಯನ್ನು ಮೊದಲೇ ವಿಚಾರಿಸಿ. ಬಾಟಲಿ ಒಡೆದರೆ ಆಗುವ ವಾಸನೆಗೆ ಹೆದರಿ ಕೆಲವು ಸಂಸ್ಥೆಗಳು ಅದರ ಸಾಗಣೆಗೆ ನಿರ್ಬಂಧ ಹಾಕಿವೆ.